ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಭೇದಿ ಔಷಧಿ, ಉಪ್ಪಿಲ್ಲದ ಪಥ್ಯ ಮಾಡಿಸಬೇಡಿ

ಮನೆಯಲ್ಲಿ ಯಾರಾದರೂ ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ, ಅವರನ್ನು ‘ದೇಹಶುದ್ಧಿ’ಗೆ ಕಳಿಸುವ ಮೊದಲು ಇದನ್ನು ಓದಿ. ಮಾತ್ರೆ ನಿಲ್ಲಿಸಿ ತೊಂದರೆಯಾದ ಕಥೆಗಳನ್ನು ನೀವು ಕೇಳಿರುತ್ತೀರಿ. ನಮ್ಮ ಚಿಕ್ಕಪ್ಪನಿಗೆ ಆದದ್ದು ಬೇರೆ. ಅವರು ಒಂದು ಹೊತ್ತೂ ಮಾತ್ರೆ ಬಿಟ್ಟಿರಲಿಲ್ಲ.

ತೀರ್ಥಹಳ್ಳಿ ಕಡೆ ಅವರದ್ದು ಅಡಿಕೆ ತೋಟ. ಕಾಯಿಲೆ ಹಳೆಯದು. ಒಮ್ಮೆ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ಇನ್ನೊಮ್ಮೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದ ಮಂಕು. ಲಿಥಿಯಂ ಶುರುವಾದ ಮೇಲೆ ಎರಡೂ ಹತೋಟಿಗೆ ಬಂದವು. ಆದರೆ ನಮ್ಮ ಕಡೆ ಗೊತ್ತಲ್ಲ, ಮಾತ್ರೆ ಡಬ್ಬಿ ಕಂಡರೆ ಸಾಕು, ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೆಲ್ಲ ವೈದ್ಯರೇ. “ಅದೆಂಥಾ ಜೀವಮಾನ ಪೂರ್ತಿ ಮಾತ್ರೆ ಮಾರಾಯ್ರೆ, ಕಿಡ್ನಿ ಹೋಗ್ತದೆ. ಮಳೆಗಾಲದಲ್ಲಿ ಒಂದು ಪಂಚಕರ್ಮ ಮಾಡಿಸಿ, ಮನಸ್ಸು ತಿಳಿಯಾಗ್ತದೆ.” ತೋಟಕ್ಕೆ ಕೊಳೆ ಔಷಧಿ ಹೊಡೆದು ಮುಗಿದಿತ್ತು, ಬಿಡುವೂ ಇತ್ತು. ಹೊರಟರು.

ಕೇಂದ್ರದ ಹೆಸರು ಬರೆಯುವುದಿಲ್ಲ. ಮಲೆನಾಡಿನಲ್ಲಿ ಈಗ ಇಂಥವು ಬೇಕಾದಷ್ಟಿವೆ. ಹಂಚಿನ ಮನೆ, ಸುತ್ತ ಕಾಡು, ‘ಖಿನ್ನತೆ, ಆತಂಕಕ್ಕೆ ಶಾಶ್ವತ ಪರಿಹಾರ’ ಅನ್ನುವ ಬೋರ್ಡು. ನೋಡಿಕೊಳ್ಳುತ್ತಿದ್ದವರ ಹೆಸರಿನ ಮುಂದೆ ವೈದ್ಯ ಅಂತಿತ್ತು, ಹಿಂದೆ ಓದಿನ ಗುರುತು ಇರಲಿಲ್ಲ. ಅವರು ಇಂಗ್ಲಿಷ್ ಮಾತ್ರೆ ಬಿಡಿ ಅನ್ನಲಿಲ್ಲ. “ಅದರ ಪಾಡಿಗೆ ಅದು, ಇದರ ಪಾಡಿಗೆ ಇದು” ಅಂದರು. ಕೇಳಲು ಎಷ್ಟು ಹಿತವಾಗಿದೆ ಅಲ್ವಾ? ಯಾವ ಮಾತ್ರೆ ಅಂತ ಮಾತ್ರ ಕೇಳಲೇ ಇಲ್ಲ.

ಮೊದಲು ಎಣ್ಣೆ ತಿಕ್ಕಿದರು, ಶಿರೋಧಾರೆ ಮಾಡಿದರು. ಚಿಕ್ಕಪ್ಪ ಚೆನ್ನಾಗಿ ನಿದ್ದೆ ಮಾಡಿದರು, ಅದನ್ನು ಇಲ್ಲ ಅನ್ನುವುದಿಲ್ಲ. ಆಮೇಲೆ ತುಪ್ಪ ಕುಡಿಸಿ ವಿರೇಚನ, ಅಂದರೆ ಭೇದಿ ಔಷಧಿ, ಕೊಟ್ಟರು. ಉಪ್ಪು, ಹುಳಿ, ಖಾರ ಮುಟ್ಟಬಾರದು, ಬರೀ ಸಪ್ಪೆ ಗಂಜಿ. ಜೊತೆಗೆ ಮೂತ್ರ ಜಾಸ್ತಿ ಹೋಗಿಸುವ ಒಂದು ಕಷಾಯ.

ಭೇದಿ ಮರುದಿನವೂ ನಿಲ್ಲಲಿಲ್ಲ. ವಾಂತಿ ಶುರುವಾಯಿತು. ಲೋಟ ಹಿಡಿಯಲಾಗದಷ್ಟು ಕೈ ನಡುಕ, ನಾಲಿಗೆ ತೊದಲು, ನಡೆದರೆ ಓಲಾಟ. ಚಿಕ್ಕಮ್ಮ ಹೇಳಿದ್ದಕ್ಕೆ ಸಿಕ್ಕ ಉತ್ತರ: “ದೋಷ ಹೊರಗೆ ಹೋಗ್ತಾ ಇದೆ. ಗಾಬರಿ ಬೇಡ.” ಈ ಒಂದು ಮಾತಿದೆಯಲ್ಲ, ಇದರಿಂದಲೇ ಜನ ಸಾಯುವುದು. ಏನೇ ಕೆಟ್ಟದಾದರೂ ಅದು ಚಿಕಿತ್ಸೆ ಹತ್ತಿದ ಲಕ್ಷಣವೇ ಆಗುವುದಾದರೆ, ಹದ ತಪ್ಪಿದ್ದು ಗೊತ್ತಾಗುವುದು ಯಾವಾಗ? ಅಷ್ಟರಲ್ಲೂ ಲಿಥಿಯಂ ಹೊತ್ತು ಹೊತ್ತಿಗೆ ಹೊಟ್ಟೆಗೆ ಹೋಗುತ್ತಲೇ ಇತ್ತು.

ಅವರಿಗೆ ನಾವು ಯಾರೆಂಬ ಗುರುತು ತಪ್ಪತೊಡಗಿದಾಗ ಚಿಕ್ಕಮ್ಮ ಯಾರ ಮಾತೂ ಕೇಳಲಿಲ್ಲ. ಕಾರು ಮಾಡಿಸಿಕೊಂಡು ಶಿವಮೊಗ್ಗಕ್ಕೆ ಬಂದರು. ಮಾತ್ರೆ ಪಟ್ಟಿ ನೋಡಿದ ತಕ್ಷಣ ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿದರು. ಲಿಥಿಯಂ ವಿಷವಾಗಿ ಏರಿತ್ತು. ಸಲೈನ್ ಹಾಕಿ ಇಳಿಸಿದರು. ಇನ್ನೂ ಏರಿದ್ದರೆ ಡಯಾಲಿಸಿಸ್ ಆಗಬೇಕಿತ್ತಂತೆ.

ಕಾರಣ ಸರಳ. ಲಿಥಿಯಂ ಕೂಡ ಒಂದು ಲವಣವೇ. ಕಿಡ್ನಿ ಅದನ್ನು ಹೆಚ್ಚುಕಮ್ಮಿ ಅಡುಗೆ ಉಪ್ಪಿನ ಸೋಡಿಯಂ ಹಾಗೇ ನೋಡುತ್ತದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಕಿಡ್ನಿ ಸೋಡಿಯಂ ಬಿಟ್ಟುಕೊಡುವುದಿಲ್ಲ, ಅದರ ಜೊತೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.2 ಮಿಲಿಮೋಲ್ ಒಳಗೆ ಇರಬೇಕು, 1.5 ದಾಟಿದರೆ ಅಪಾಯ. ಔಷಧಿಗೂ ವಿಷಕ್ಕೂ ಅಂತರ ಇಷ್ಟೇ. ವಿರೇಚನ, ವಮನ (ವಾಂತಿ ಮಾಡಿಸುವುದು), ಸಪ್ಪೆ ಪಥ್ಯ, ಉಪವಾಸ, ಮೂತ್ರ ಹೋಗಿಸುವ ಪುನರ್ನವದಂಥ ಗಿಡ, ಯಾವುದಾದರೂ ಈ ಅಂತರವನ್ನು ಅಳಿಸಬಹುದು. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಲಿಥಿಯಂ ಮಟ್ಟ ಏರಿಸುತ್ತವೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಅದನ್ನು ನುಂಗದವರು ಯಾರು ಹೇಳಿ!

ಕೇಂದ್ರದಿಂದ ತಂದ ಪೊಟ್ಟಣಗಳಲ್ಲಿ ಒಂದು ಅಶ್ವಗಂಧ ಅಂತ ಆಮೇಲೆ ಗೊತ್ತಾಯಿತು. ಲಿಥಿಯಂನಿಂದ ಕೆಲವರಿಗೆ ಥೈರಾಯ್ಡ್ ಕುಗ್ಗುತ್ತದೆ, ಚಿಕ್ಕಪ್ಪ ಅದಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನು ಏರಿಸಬಲ್ಲದು. ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ಹಾಗಾಗಿ ಅದು ಸುಮ್ನೆ ತಿನ್ನುವ ಪುಡಿ ಅಲ್ಲ.

ಇದನ್ನು ಓದಿ ಆಯುರ್ವೇದವನ್ನೇ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಒಂದೆಲಗದ ತಂಬುಳಿ ಇಲ್ಲದ ವಾರ ಇಲ್ಲ. ವಿರೇಚನ ಮಿತಿ ಮೀರುವುದಕ್ಕೆ ಶಾಸ್ತ್ರವೇ ‘ಅತಿಯೋಗ’ ಅಂತ ಹೆಸರಿಟ್ಟು, ಅದನ್ನು ತೊಡಕು ಅಂತ ಎಣಿಸಿ ಚಿಕಿತ್ಸೆ ಹೇಳಿದೆ. ಓದಿದ ವೈದ್ಯರು ಭೇದಿ ನಿಲ್ಲದಿದ್ದರೆ ದೋಷ ಹೋಗ್ತಿದೆ ಅಂತ ಸುಮ್ಮನಿರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಆಯುರ್ವೇದ ವೈದ್ಯರಿದ್ದಾರೆ. ಶಿವಮೊಗ್ಗದಲ್ಲೇ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ, ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಎರಡೂ ಕಡೆಯ ಚೀಟಿಗಳನ್ನು ಎರಡೂ ಕಡೆಯವರಿಗೆ ತೋರಿಸಿ. ತೋರಿಸಿದರೆ ಬೈತಾರೆ ಅಂತ ಮುಚ್ಚಿಡುವವರೇ ನಮ್ಮಲ್ಲಿ ಜಾಸ್ತಿ. ಬೈಸಿಕೊಳ್ಳಿ, ಪರವಾಗಿಲ್ಲ.

ಲಿಥಿಯಂ ತೆಗೆದುಕೊಳ್ಳುವವರಿಗೆ ಯಾವ ಕಾರಣಕ್ಕೇ ಆಗಲಿ ವಾಂತಿ ಭೇದಿ ಹಿಡಿದು ಕೈ ನಡುಗಿದರೆ, ಅದೇ ದಿನ ಮಾತ್ರೆ ಪಟ್ಟಿ ಸಮೇತ ಆಸ್ಪತ್ರೆಗೆ ಹೋಗಿ. ಮುಂದಿನ ಮಾತ್ರೆ ಕೊಡುವ ಮೊದಲು ಡಾಕ್ಟರನ್ನು ಕೇಳಿ. ಮನಸ್ಸಿನ ಕಾಯಿಲೆ ಬಗ್ಗೆ ಏನಾದರೂ ಕೇಳಬೇಕಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪುಡಿ, ಕಷಾಯಗಳ ಹೆಸರು ಬರೆದುಕೊಡಿ ಅಂತ ಆ ಕೇಂದ್ರವನ್ನು ಆಮೇಲೆ ಕೇಳಿದೆವು. “ಗುರುಗಳಿಂದ ಬಂದದ್ದು, ಹೇಳುವ ಹಾಗಿಲ್ಲ” ಅಂದರು. ದುಡ್ಡು ಕೈಯಲ್ಲಿ ಇಸಿದುಕೊಂಡಿದ್ದರು, ರಸೀದಿ ಕೊಟ್ಟಿರಲಿಲ್ಲ. ದೂರು ಬರೆಯಲು ಕೂತರೆ ಚಿಕ್ಕಪ್ಪ ಅಲ್ಲಿಗೆ ಹೋಗಿದ್ದರು ಅನ್ನುವುದಕ್ಕೇ ನಮ್ಮ ಹತ್ತಿರ ಒಂದು ಕಾಗದ ಇಲ್ಲ. ನೀವು ಎಲ್ಲೇ ಹೋಗಿ, ಬಿಲ್ಲನ್ನೂ ಔಷಧಿಯ ಹೆಸರನ್ನೂ ಮೊದಲ ದಿನವೇ ಬರೆಸಿಕೊಳ್ಳಿ. ಕೊಡುವುದಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.