ಗೆರೆ ಮರೆಯಾಯಿತು, ಎಲೆ ಮರಳಲಿಲ್ಲ: ಇಮೇಜ್‌ಜೆ ಬಳಸುವವರ ಗಮನಕ್ಕೆ

ಇಮೇಜ್‌ಜೆ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶದಲ್ಲಿ ಚಿತ್ರ ಅಳೆಯುವ ಕೆಲಸಕ್ಕೆ ಈಗಷ್ಟೇ ಕೈಹಾಕಿದ್ದರೆ, ನಾನು ಹನ್ನೊಂದು ಚಿತ್ರಗಳನ್ನು ಕಳೆದುಕೊಂಡ ಬಗೆಯನ್ನು ಮೊದಲು ಓದಿಬಿಡಿ.

ಅಡಿಕೆಯ ಎಲೆಚುಕ್ಕೆ ರೋಗದ ಕಲೆಗಳು ಎಷ್ಟು ಕಪ್ಪಾಗಿವೆ ಎಂದು ಅಳೆಯುತ್ತಿದ್ದೆ. ಎಲೆಗಳನ್ನು ಸ್ಕ್ಯಾನ್ ಮಾಡಿ, 8 ಬಿಟ್‌ನ ಕಪ್ಪು-ಬಿಳುಪು ಚಿತ್ರಗಳಾಗಿ (ಸೊನ್ನೆ ಎಂದರೆ ಕಪ್ಪು, 255 ಎಂದರೆ ಬಿಳುಪು) ಟಿಫ್ ರೂಪದಲ್ಲಿ ಇಟ್ಟುಕೊಂಡಿದ್ದೆ. ಕಲೆ ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೆ ಸಿಗದಿದ್ದಾಗ ಅಂಚುಗಳನ್ನು ಹುಡುಕುವ ‘ಫೈಂಡ್ ಎಡ್ಜಸ್’ ಒತ್ತಿದೆ. ಎಲೆಯೆಲ್ಲ ಕಪ್ಪಾಗಿ, ಅಂಚುಗಳು ಮಾತ್ರ ಬೆಳ್ಳಿ ದಾರದಂತೆ ಎದ್ದವು. ಆ ದಾರದ ಗುಂಟ ಗೆರೆ ಎಳೆದು, ‘ಬಿ’ ಒತ್ತಿ ಓವರ್‌ಲೇಗೆ, ಎಂದರೆ ಚಿತ್ರದ ಮೇಲಿನ ಪದರಕ್ಕೆ, ಸೇರಿಸಿದೆ. ಓವರ್‌ಲೇ ಟಿಫ್ ಕಡತದೊಳಗೇ ಉಳಿಯುತ್ತದೆ ಎಂದು ಗೊತ್ತಿತ್ತಲ್ಲ, ಜಾಣತನದಿಂದ ಸೇವ್ ಮಾಡಿದೆ. ಹಳೆಯ ಕಡತದ ಜಾಗದಲ್ಲಿ ಇದನ್ನು ಇಡಲೇ ಎಂದು ತಂತ್ರಾಂಶ ಕೇಳಿತ್ತು. ‘ರೀಪ್ಲೇಸ್’ ಒತ್ತಿದವನು ನಾನೇ, ಹನ್ನೊಂದು ಸಲ.

ಮಾರನೆಯ ದಿನ ಅಳತೆಗೆ ಕುಳಿತರೆ ಕಲೆಯ ನಡುಭಾಗದ ಸರಾಸರಿ ಸೊನ್ನೆಯ ಹತ್ತಿರ ಬಂತು. ಇಷ್ಟು ಕಪ್ಪೇ ಎಂದು ಬೆರಗಾಗಿ, ಪಕ್ಕದ ಆರೋಗ್ಯವಂತ ಭಾಗವನ್ನು ಅಳೆದೆ. ಅದೂ ಹೆಚ್ಚುಕಡಿಮೆ ಅಷ್ಟೇ! ‘ಹೈಡ್ ಓವರ್‌ಲೇ’ ಕೊಟ್ಟೆ. ಗೆರೆಗಳು ಮರೆಯಾದವು, ಎಲೆ ಮಾತ್ರ ಮರಳಲಿಲ್ಲ. ‘ಅನ್‌ಡೂ’ ಇರುವುದು ಒಂದೇ ಹೆಜ್ಜೆಗೆ, ಅದೂ ಕಡತ ತೆರೆದಿರುವಾಗ. ‘ರಿವರ್ಟ್’ ಡಿಸ್ಕ್‌ನಲ್ಲಿರುವುದನ್ನೇ ಮತ್ತೆ ಓದುತ್ತದೆ, ಅಲ್ಲಿದ್ದದ್ದೂ ಬೆಳ್ಳಿ ದಾರವೇ.

ಓವರ್‌ಲೇ ಎಂದರೆ ಚಿತ್ರದ ಮೇಲಿಟ್ಟ ಗಾಜಿನ ಹಾಳೆ. ಫೈಂಡ್ ಎಡ್ಜಸ್ ಹಾಗಲ್ಲ. ಅದು ಸೋಬೆಲ್ ವಿಧಾನದಲ್ಲಿ ಪ್ರತಿ ಪಿಕ್ಸೆಲ್‌ನ 3×3 ನೆರೆಹೊರೆಯನ್ನು ನೋಡಿ, ಅಡ್ಡ ಮತ್ತು ಉದ್ದ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಆ ಸಂಖ್ಯೆಯನ್ನು ಪಿಕ್ಸೆಲ್‌ನ ಜಾಗದಲ್ಲೇ ಬರೆಯುತ್ತದೆ. ಸಮತಟ್ಟಾದ ಬಣ್ಣವಿದ್ದಲ್ಲಿ ವ್ಯತ್ಯಾಸವಿಲ್ಲ, ಆದ್ದರಿಂದ ಸೊನ್ನೆ. ಪರದೆಯ ಮೇಲೆ ಎರಡೂ ಒಂದೇ ಬಗೆಯಲ್ಲಿ ಕಾಣುವುದೇ ಪೇಚು.

ಗಾಜಿನ ಹಾಳೆಯೂ ಅಷ್ಟೇನೂ ಸಾಧುವಲ್ಲ. ವರದಿಗೆಂದು ‘ಫ್ಲಾಟನ್’ ಮಾಡಿ ಪದರವನ್ನು ಚಿತ್ರದೊಂದಿಗೆ ಬೆಸೆದರೆ ಹಳದಿ ಗೆರೆಗಳು ಹೊಸ ಆರ್‌ಜಿಬಿ (ಕೆಂಪು-ಹಸಿರು-ನೀಲಿ) ಚಿತ್ರದ ಪಿಕ್ಸೆಲ್‌ಗಳಾಗಿಬಿಡುತ್ತವೆ. ಅದನ್ನು ಅಳೆದರೆ ಹಳದಿಯ ಕೆಂಪು, ಹಸಿರು, ನೀಲಿ ಬೆಲೆಗಳಾದ 255, 255, 0 ಸೇರಿ ಸರಾಸರಿ 170ರ ಪಟ್ಟಿಯೊಂದು ಲೆಕ್ಕದೊಳಗೆ ನುಸುಳುತ್ತದೆ. ಇನ್ನು ಥ್ರೆಶೋಲ್ಡ್‌ನ, ಎಂದರೆ ಗೊತ್ತುಮಾಡಿದ ಮಿತಿಯೊಳಗಿನ ಪಿಕ್ಸೆಲ್‌ಗಳನ್ನು ಆರಿಸುವ ಸಾಧನದ, ಕೆಂಪು: ಅದು ತೋರಿಕೆಗಷ್ಟೇ. ‘ಲಿಮಿಟ್ ಟು ಥ್ರೆಶೋಲ್ಡ್’ ಗುರುತು ಹಾಕದಿದ್ದರೆ ಅಳತೆ ಇಡೀ ಚಿತ್ರದ್ದೇ ಬರುತ್ತದೆ.

ಈಗ ಸ್ಕ್ಯಾನ್ ಆದ ಕೂಡಲೇ ಮೂಲ ಕಡತಗಳನ್ನು ಓದಲು ಮಾತ್ರ ಬರುವಂತೆ ಬೀಗ ಹಾಕುತ್ತೇನೆ. ಕಂಟ್ರೋಲ್-ಶಿಫ್ಟ್-ಡಿ ಒತ್ತಿ ನಕಲು ತೆಗೆದು, ಫಿಲ್ಟರ್ ಅನ್ನು ಅದರ ಮೇಲೆಯೇ ಓಡಿಸುತ್ತೇನೆ. ಗೆರೆಗಳನ್ನು ಆರ್‌ಒಐ ಮ್ಯಾನೇಜರ್‌ನಿಂದ (ಗುರುತಿಸಿದ ಭಾಗಗಳ ಪಟ್ಟಿ ಇಡುವ ಸಾಧನ) ಬೇರೆ ಕಡತಕ್ಕೆ ಉಳಿಸಿ, ಮೂಲದ ಮೇಲಿಟ್ಟು ಅಳೆಯುತ್ತೇನೆ.

ಆ ಹನ್ನೊಂದನ್ನು ಮತ್ತೆ ಸ್ಕ್ಯಾನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ರೋಗ ಹರಡಬಾರದೆಂದು ಎಲೆಗಳನ್ನು ಹಿಂದಿನ ಸಂಜೆಯೇ ಸುಟ್ಟಿದ್ದೆವು.