ಸೊಸೈಟಿ ಕರೆಂಟು, ಸೋಲಾರ್ ಪಂಪು, ಡೀಸೆಲ್ ಇಂಜಿನ್: ಮೂರನ್ನೂ ಓಡಿಸಿ ನೋಡಿದ ಮೇಲೆ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ನಮಗೆ ಎರಡು ಕಡೆ ಹೊಲ ಇದೆ. ಊರ ಹತ್ತಿರದ ಮೂರು ಎಕರೆಯಲ್ಲಿ ಕಬ್ಬು. ಅಲ್ಲಿ ಬೋರ್‌ವೆಲ್, 7.5 ಎಚ್‌ಪಿ ಮೋಟಾರು, ಸೊಸೈಟಿ (ವಿದ್ಯುತ್ ಸಹಕಾರಿ ಸಂಘದ) ಲೈನು. ಇನ್ನೆರಡು ಎಕರೆ ದೂರ, ಗುಡ್ಡದ ಮಗ್ಗುಲಲ್ಲಿ. ಅಲ್ಲಿ ಅಜ್ಜ ತೋಡಿಸಿದ ಬಾವಿ ಇದೆ, ಕರೆಂಟಿನ ಕಂಬ ಇಲ್ಲ. ಮೆಣಸಿನಕಾಯಿ, ಅರಿಶಿನ ಹಾಕುತ್ತೇವೆ. ಆ ಬಾವಿಗೆ ಮೊದಲು ಡೀಸೆಲ್ ಇಂಜಿನ್ ಇತ್ತು. ಎರಡು ವರ್ಷದಿಂದ 5 ಎಚ್‌ಪಿ ಸೋಲಾರ್ ಪಂಪು ಓಡುತ್ತಿದೆ. ‘ಯಾವುದು ಚಲೋ ಅದ?’ ಅಂತ ದಾರಿಯಲ್ಲಿ ನಿಲ್ಲಿಸಿ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಡೀಸೆಲ್ ಕಥೆ ಬೇಗ ಮುಗಿಯುತ್ತದೆ. ತಾಸಿಗೆ ಹೆಚ್ಚುಕಮ್ಮಿ ಒಂದು ಲೀಟರ್ ಕುಡಿಯುತ್ತಿತ್ತು. ಲೀಟರಿಗೆ ಈಗ 90 ರೂಪಾಯಿ ದಾಟಿದೆ. ಮೆಣಸಿನಕಾಯಿ ರೇಟು ಬಿದ್ದ ವರ್ಷ ನೀರಿನ ಖರ್ಚೂ ಹುಟ್ಟಲಿಲ್ಲ. ಹೊಗೆ, ಸದ್ದು ಬೇರೆ. ಆದರೆ ಒಂದು ಮಾತು ಒಪ್ಪಬೇಕು, ಬೇಕೆಂದಾಗ ಹ್ಯಾಂಡಲ್ ತಿರುಗಿಸಿದರೆ ನೀರು ಬರುತ್ತಿತ್ತು. ಉಳಿದೆರಡರಲ್ಲಿ ಆ ಸುಖ ಇಲ್ಲ.

ಇನ್ನು ಸೊಸೈಟಿ. ಹೊರಗಿನವರಿಗೆ ಇದು ವಿಚಿತ್ರ ಅನಿಸುತ್ತದೆ. ರಾಜ್ಯದ ಉಳಿದ ಕಡೆ ಕರೆಂಟು ಕೊಡುವುದು ಕಂಪನಿಗಳು. ನಮ್ಮಲ್ಲಿ ಮಾತ್ರ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆ ಅಂತ ಐದು ಕಡೆ ಇಂಥ ಸಂಘ ಶುರು ಮಾಡಿದರು, ಅಮೆರಿಕದ ಹಳ್ಳಿಗಳ ಸಹಕಾರಿ ಕರೆಂಟಿನ ಮಾದರಿ ನೋಡಿಕೊಂಡು. ಅದರಲ್ಲಿ ನಮ್ಮದೂ ಒಂದು. ತೆಲಂಗಾಣದ ಸಿರ್ಸಿಲ್ಲಾದ ಸಂಘ ಉಳಿದಿದೆ. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘದ ಲೈಸೆನ್ಸು 2011ರಲ್ಲಿ ಮುಗಿದು, ಆ ಲೈನುಗಳು ಸರ್ಕಾರಿ ಕಂಪನಿಗೆ ಹೋದವು.

ಸದಸ್ಯರು ನಾವೇ, ಓಟು ಹಾಕುವವರೂ ನಾವೇ. ಹಾಗಂತ ರೇಟು ನಾವು ಹೇಳಿದಂತೆ ಅಂತ ತಿಳಿಯಬೇಡಿ. ಸಂಘ ಕರೆಂಟು ತಯಾರಿಸುವುದಿಲ್ಲ, ಸರ್ಕಾರಿ ಕಂಪನಿ ಹೆಸ್ಕಾಂನಿಂದ ಕೊಂಡು ಹಂಚುತ್ತದೆ. ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಕೆಇಆರ್‌ಸಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಾವು ಬಿಲ್ಲು ಕಟ್ಟುವುದಿಲ್ಲ, ಸರ್ಕಾರ ಸಬ್ಸಿಡಿ ಕೊಡುತ್ತದೆ. ಅಂದರೆ ನನ್ನ ಕೈಗೆ ಅಗ್ಗ. ಪರಿಸರಕ್ಕೆ? ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಕೈಗಾದ ಅಣು, ಪಾವಗಡದ ಬಿಸಿಲು ಎಲ್ಲ ಒಂದೇ ತಂತಿಯಲ್ಲಿ ಬರುತ್ತವೆ. ರಾತ್ರಿ ಎರಡಕ್ಕೆ ಮೋಟಾರು ಓಡಿದರೆ ಅದು ಪಾವಗಡದ್ದಂತೂ ಅಲ್ಲ.

ಲೈನಿನ ದೊಡ್ಡ ಗುಣ ಅಂದರೆ ತಾಕತ್ತು. ಬೋರ್‌ವೆಲ್ ಆಳದಿಂದ ಎತ್ತಿ ಕಬ್ಬಿನ ಕೊನೆಯ ಸಾಲಿನವರೆಗೆ ನೀರು ಒಂದೇ ದಪ್ಪದಲ್ಲಿ ಹರಿಯುತ್ತದೆ, ಮಳೆಗಾಲವೋ ಬೇಸಿಗೆಯೋ ಲೆಕ್ಕಕ್ಕಿಲ್ಲ. ಫ್ಯೂಸು ಹೋದರೆ ಲೈನ್‌ಮನ್‌ಗೆ ಫೋನು. ‘ಅಣ್ಣಾ, ಬೇವಿನ ಗಿಡದ ಹತ್ತಿರದ ಟಿಸಿ (ಟ್ರಾನ್ಸ್‌ಫಾರ್ಮರ್)’ ಅಂದರೆ ಸಾಕು, ಆರ್‌ಆರ್ ನಂಬರ್ ಹೇಳಬೇಕಾಗಿಲ್ಲ. ಕೊರತೆ ಏನಂದರೆ ಮೋಟಾರಿಗೆ ಬೇಕಾದ ತ್ರೀ ಫೇಸು ಕರೆಂಟು ದಿನಕ್ಕೆ 7 ತಾಸು, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದರೆ ಟಾರ್ಚು, ಕೋಲು ಹಿಡಿದು ಹೋಗಬೇಕು. ಕಬ್ಬಿನ ಗದ್ದೆ ಅಂದ ಮೇಲೆ ಹಾವು ಇದ್ದೇ ಇರುತ್ತದೆ.

ಹಾಗಾಗಿಯೇ ಸೋಲಾರ್ ಮೇಲೆ ಆಸೆ ಹುಟ್ಟಿದ್ದು. ಸೋಲಾರ್ ಪಂಪಿಗೆ ಸಬ್ಸಿಡಿ ಕೊಡುವ ಕುಸುಮ್ ಯೋಜನೆಯಲ್ಲಿ ಖರ್ಚಿನ ಪಾಲು ಕೇಂದ್ರದ್ದು ಶೇ 30, ರಾಜ್ಯದ್ದು ಶೇ 50, ನಮ್ಮದು ಶೇ 20. ನನಗೆ ಸುಮಾರು 60 ಸಾವಿರ ಬಿತ್ತು. ಎರಡನೇ ಹೊಲಕ್ಕೆ ಕಂಬ, ತಂತಿ, ಟಿಸಿ ಹಾಕಿಸುವುದಕ್ಕೆ ಹೋಲಿಸಿದರೆ ಏನೂ ಅಲ್ಲ.

ಬಿಸಿಲಿದ್ದ ದಿನ ಮುಂಜಾನೆ ಎಂಟೂವರೆಗೆ ಸಣ್ಣಗೆ ಶುರುವಾಗುತ್ತದೆ. ಹನ್ನೊಂದರಿಂದ ಮೂರರವರೆಗೆ ಪೈಪಿನ ಬಾಯಿ ತುಂಬ ನೀರು. ಒಂದು ಮೋಡ ಅಡ್ಡ ಬರಲಿ, ಧಾರೆ ನೋಡನೋಡುತ್ತ ಹೆಬ್ಬೆರಳಷ್ಟಾಗುತ್ತದೆ. ಮೋಡ ಸರಿದ ಮೇಲೆ ಮತ್ತೆ ಮುಷ್ಟಿಯಷ್ಟು. ಮೊದಲ ತಿಂಗಳು ನಾನು ಕೆಲಸ ಬಿಟ್ಟು ಆಕಾಶ ನೋಡುತ್ತ ಕೂತಿದ್ದೇ ಜಾಸ್ತಿ! ಜುಲೈ, ಆಗಸ್ಟಿನಲ್ಲಿ ವಾರಗಟ್ಟಲೆ ಮಬ್ಬು. ಆಗ ನೀರೂ ಅಷ್ಟು ಬೇಕಾಗಲ್ಲ, ಅದು ಬೇರೆ ಮಾತು. ಮಳೆ ಕೈಕೊಟ್ಟು ಬರೀ ಮೋಡ ನಿಂತ ವರ್ಷ ಮಾತ್ರ ಒದ್ದಾಟ.

ಯಾರೂ ಹೇಳದ ಸಂಗತಿ ಒಂದಿದೆ, ಬೂದಿ. ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾದರೆ ಕಟಾವಾದ ಗದ್ದೆಗಳಲ್ಲಿ ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಚ್ಚುತ್ತಾರೆ. ಕರಿ ಎಳೆ ಗಾಳಿಯಲ್ಲಿ ತೇಲಿಬಂದು ಪ್ಯಾನಲ್ ಮೇಲೆ ಕೂರುತ್ತದೆ. ಮೇಲೆ ಇಬ್ಬನಿ ಬಿದ್ದರೆ ಮಸಿ ಬಳಿದಂತೆ ಅಂಟುತ್ತದೆ. ಡಿಸೆಂಬರಿನ ಒಂದು ಮಧ್ಯಾಹ್ನ 10,000 ಲೀಟರಿನ ತೊಟ್ಟಿ ತುಂಬಲು 18 ನಿಮಿಷ ಹಿಡಿಯಿತು. ಮರುದಿನ ಬಿಸಿಲೇರುವ ಮೊದಲು ನಾನು, ನನ್ನ ಹೆಂಡತಿ ಹಳೆ ಲುಂಗಿ ಒದ್ದೆ ಮಾಡಿ ಒರೆಸಿದೆವು. ಅದೇ ತೊಟ್ಟಿ, ಅದೇ ಹೊತ್ತು, 13 ನಿಮಿಷ. ಈಗ ಹಂಗಾಮಿನಲ್ಲಿ ವಾರಕ್ಕೊಮ್ಮೆ ಒರೆಸುತ್ತೇವೆ. ರವದಿ ಸುಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಪ್ಯಾನಲ್ ಬಂದ ಮೇಲೆ ಬಿಟ್ಟೆ, ಈಗ ಸಾಲಿನಲ್ಲೇ ಮುಚ್ಚಿಗೆ ಮಾಡುತ್ತೇನೆ.

ಇನ್ನೊಂದು ಪೆಟ್ಟು ಕಂಟ್ರೋಲರ್‌ನದು, ಅಂದರೆ ಪ್ಯಾನಲ್‌ನ ಕರೆಂಟನ್ನು ಪಂಪಿಗೆ ಹೊಂದಿಸುವ ಡಬ್ಬಿಯದು. ಹೋದ ಮಾರ್ಚಿನಲ್ಲಿ ಕೆಟ್ಟಿತು. 5 ವರ್ಷ ರಿಪೇರಿ ಅವರದೇ ಅಂತ ಕಾಗದದಲ್ಲಿದೆ. ಪಂಪು ಹಾಕಿದವರು ಬರಲು 19 ದಿನ ತೆಗೆದುಕೊಂಡರು. ‘ನಾಳೆ ಬರ್ತೀವಿ ಸರ್’ ಅನ್ನುವುದನ್ನು ಅಷ್ಟೂ ದಿನ ಕೇಳಿದೆ. ಅರಿಶಿನ ಅಷ್ಟರಲ್ಲಿ ಅಗೆದು ಮುಗಿದಿತ್ತು, ಮೆಣಸಿನ ಗಿಡಕ್ಕೆ ಟ್ಯಾಂಕರ್ ತರಿಸಿದೆ. ಫೋನು ಮಾಡಿದರೆ ಬರುವ ಲೈನ್‌ಮನ್‌ನ ಬೆಲೆ ತಿಳಿದದ್ದು ಆಗಲೇ.

ಸೋಲಾರ್ ಅಂದ ತಕ್ಷಣ ಪರಿಸರ ಉಳಿಯಿತು ಅನ್ನುವವರ ಜತೆ ನನ್ನದು ಅರ್ಧ ತಕರಾರು. ಹೊಗೆ ನಿಂತಿತು, ನಿಜ. ಆದರೆ ಸೊಸೈಟಿ ಲೈನಿನಲ್ಲಿ 7 ತಾಸಿಗೆ ಮೋಟಾರು ತಾನೇ ನಿಲ್ಲುತ್ತದೆ. ಸೋಲಾರ್ ದಿನವಿಡೀ ಪುಕ್ಕಟೆ, ನಿಲ್ಲಿಸುವವರು ಯಾರು? ಮೊದಲ ಬೇಸಿಗೆ ಸುಮ್ನೆ ಹರಿಯಬಿಟ್ಟೆ, ಬಾವಿ ತಳ ಕಂಡಿತು. ಹರಿಯಲು ಬಿಟ್ಟು ಬಿಟ್ಟು ನಮ್ಮ ಭಾಗದಲ್ಲಿ ಎಷ್ಟು ಭೂಮಿ ಉಪ್ಪೇರಿ, ನೀರು ನಿಂತು ಸವಳು-ಜವಳಾಗಿದೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಆಮೇಲೆ ಡ್ರಿಪ್ ಹಾಕಿಸಿದೆ, ಬಾವಿ ಚೇತರಿಸಿಕೊಂಡಿತು.

ಹಾಗಾದರೆ ಯಾವುದು? ಆಳದ ಬೋರು, ಕಬ್ಬು ಇದ್ದವರು ಲೈನು ಬಿಡಬೇಡಿ. ಕಂಬ ದೂರ, ಮೇಲ್ಮಟ್ಟದ ಬಾವಿ, ಎರಡು ಎಕರೆಯೊಳಗೆ ತರಕಾರಿ ಇದ್ದರೆ ಸೋಲಾರ್, ಜತೆಗೆ ಡ್ರಿಪ್ ಕಡ್ಡಾಯ. ನನ್ನ ಆಸೆ ಇವೆರಡೂ ಕೂಡಿದ ಇನ್ನೊಂದು ದಾರಿಯ ಮೇಲೆ. ಸಬ್‌ಸ್ಟೇಷನ್ ಪಕ್ಕದಲ್ಲೇ ಪ್ಯಾನಲ್ ಹಾಕಿ, ಇದೇ ಲೈನಿನಲ್ಲಿ ಹಗಲು ತ್ರೀ ಫೇಸು ಕೊಡುವುದು. ಗೌರಿಬಿದನೂರು ಕಡೆ 2025ರಲ್ಲಿ ಇಂಥದ್ದೊಂದು ಶುರುವಾಗಿದೆ. ಒಂದು ಮೆಗಾವ್ಯಾಟಿಗೆ ಸುಮಾರು ನಾಲ್ಕು ಎಕರೆ ಸಾಕು. ಬಿಸಿಲಿನ ಕರೆಂಟು, ನಮ್ಮದೇ ಲೈನ್‌ಮನ್, ರಾತ್ರಿ ಹಾವಿನ ಭಯವೂ ಇಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ಕೈ ಎತ್ತಿ ಇದನ್ನೇ ಕೇಳಬೇಕು ಅಂತಿದ್ದೇನೆ. ಪಕ್ಕದ ಹೊಲದ ಕಾಕಾ ‘ಊಟ ಆದ ಮ್ಯಾಲೆ ಕೇಳಪಾ, ಮೊದಲ ಕೇಳಿದ್ರ ಯಾರೂ ಕೇಳಸ್ಕೊಳ್ಳೂದಿಲ್ಲ’ ಅಂದಿದ್ದಾರೆ.

ಡೀಸೆಲ್ ಇಂಜಿನ್ ಮಾರಿಲ್ಲ. ಆ 19 ದಿನದ ನಂತರ ಅದಕ್ಕೆ ಹೊಸ ಬೆಲ್ಟು ತಂದಿಟ್ಟಿದ್ದೇನೆ.