ಅಮ್ಮನ ಜೊತೆ ಮೂರು ಕೊರಿಯನ್ ಸಿನಿಮಾ: ನನ್ನ ಓಟು ಅಜ್ಜಿಗೆ

ಮನೆಮಂದಿ ಕೂತು ಅಳುವಂಥ ಕೊರಿಯನ್ ಸಿನಿಮಾ ಯಾವುದು ಅಂತ ಯಾರು ಕೇಳಿದರೂ ನಾನು ಈಗ ‘ದ ವೇ ಹೋಮ್’ ಅನ್ನುತ್ತೇನೆ. 2002ರದ್ದು. ಇದಕ್ಕಿಂತ ಜಾಸ್ತಿ ಜನ ಹೆಸರು ಹೇಳುವ ‘ಮಿರಾಕಲ್ ಇನ್ ಸೆಲ್ ನಂಬರ್ 7’ (2013) ಮತ್ತು ‘ಓಡ್ ಟು ಮೈ ಫಾದರ್’ (2014) ಎರಡನ್ನೂ ಅಮ್ಮನ ಜೊತೆ ನೋಡಿದ್ದೇನೆ. ಮೂರರಲ್ಲೂ ಕಣ್ಣೀರಿಗೆ ಬರ ಇಲ್ಲ.

ಗೋಳು ಇರುವುದು ಸಬ್‌ಟೈಟಲ್‌ನದ್ದು. ಅಮ್ಮನಿಗೆ ಇಂಗ್ಲಿಷ್ ಓದಲು ಬರಲ್ಲ, ಕನ್ನಡದ್ದು ನನಗೆ ಸಿಗಲಿಲ್ಲ. ಹಾಗಾಗಿ ಪ್ರತಿ ಮಾತನ್ನೂ ನಾನೇ ಓದಿ ಹೇಳಬೇಕು. ‘ಮಿರಾಕಲ್’ ಅನ್ನುವುದು ಮಾಡದ ತಪ್ಪಿಗೆ ಜೈಲು ಸೇರಿದ ಅಪ್ಪ ಮತ್ತು ಅವನ ಪುಟ್ಟ ಮಗಳ ಕಥೆ. ಅದರಲ್ಲಿ ಜೈಲಿನ ಕೋಣೆಯೊಳಗೆ ಐದಾರು ಜನ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರೆ. ಒಂದು ಜೋಕ್ ಹೇಳಿ ಮುಗಿಸುವಷ್ಟರಲ್ಲಿ ಇನ್ನೆರಡು ಹೋಗಿರುತ್ತವೆ. ಅಮ್ಮ ನಗುವ ಹೊತ್ತಿಗೆ ಪರದೆ ಮೇಲೆ ಯಾರೋ ಅಳುತ್ತಿರುತ್ತಾರೆ!

‘ಓಡ್’ನಲ್ಲಿ ಇನ್ನೊಂದು ಥರ. ಶುರುವಿನಲ್ಲೇ 1950ರ ಡಿಸೆಂಬರ್, ಉತ್ತರ ಕೊರಿಯಾದ ಹುಂಗ್ನಾಮ್ ಬಂದರು. ಕೊರಿಯಾ ಯುದ್ಧಕ್ಕೆ ಹೆದರಿ ಓಡಿಬಂದ ಜನ ಅಮೆರಿಕದ ಹಡಗು ಹತ್ತಲು ನೂಕಾಡುತ್ತಿದ್ದಾರೆ. ಸುತ್ತ ಹಿಮ, ಅದರ ಮೇಲೆ ಬಿಳಿ ಅಕ್ಷರ. ನನಗೇ ಕಾಣದ್ದನ್ನು ಅಮ್ಮನಿಗೆ ಏನಂತ ಹೇಳಲಿ? ಅಕ್ಷರದ ಬಣ್ಣ ಬದಲಿಸೋಣ ಅಂದರೆ ನಮ್ಮ ಟಿವಿಯಲ್ಲಿ ಆ ಆಯ್ಕೆಯೇ ಸಿಗಲಿಲ್ಲ. ಅಲ್ಲಿಂದ ಕಥೆ ಜರ್ಮನಿಯ ಕಲ್ಲಿದ್ದಲು ಗಣಿಗೆ ಹೋಗುತ್ತದೆ. “ಇವರು ಅಲ್ಲಿಗ್ಯಾಕೆ ಹೋದ್ರು?” ಅಂತ ಅಮ್ಮ. ನಿಲ್ಲಿಸಿದೆ. ಅರವತ್ತರ ದಶಕದಲ್ಲಿ ಕೊರಿಯಾ ಬಡ ದೇಶ, ಮನೆಗೆ ದುಡ್ಡು ಕಳಿಸಲು ಹುಡುಗರು ಹೀಗೆ ಹೋಗುತ್ತಿದ್ದರು ಅಂತ ಹೇಳಿದೆ. ಆಮೇಲೆ ವಿಯೆಟ್ನಾಂ, ಮತ್ತೆ ನಿಲ್ಲಿಸಿದೆ. ಅಷ್ಟರಲ್ಲಿ ಅಮ್ಮನ ಮಲಗುವ ಹೊತ್ತಾಯಿತು. ಬಾಡಿಗೆಗೆ ತಗೊಂಡಿದ್ದನ್ನು ಎರಡು ದಿನದೊಳಗೆ ಮುಗಿಸಬೇಕಿತ್ತು. ಮಾರನೇ ದಿನ ಮನೆಗೆ ನೆಂಟರು. ದುಡ್ಡು ಹೋಯಿತು, ಉಳಿದರ್ಧಕ್ಕೆ ಮತ್ತೆ ಬಾಡಿಗೆ ಕಟ್ಟಿದೆ.

‘ದ ವೇ ಹೋಮ್’ನಲ್ಲಿ ಈ ರಗಳೆಯೇ ಇಲ್ಲ. ಹಳ್ಳಿಯ ಅಜ್ಜಿಗೆ ಮಾತು ಬರಲ್ಲ. ರಾಜಧಾನಿ ಸೋಲ್‌ನಿಂದ ಬಂದ ಮೊಮ್ಮಗ ಬಾಯಿ ಮಾಡುತ್ತಾನೆ, ಆದರೆ ಅವನ ಮುಖ ನೋಡಿದರೆ ಸಾಕು, ಏನಂದ ಅಂತ ಗೊತ್ತಾಗುತ್ತದೆ. ಅವನು ಕೆಂಟಕಿ ಚಿಕನ್, ಅಂದರೆ ಎಣ್ಣೆಯಲ್ಲಿ ಕರಿದ ಕೋಳಿ ಬೇಕು ಅನ್ನುತ್ತಾನೆ. ಅಜ್ಜಿಗೆ ತಿಳಿದಿದ್ದು ಕೋಳಿ ಅನ್ನುವಷ್ಟೇ. ಮಳೆಯಲ್ಲಿ ನೆನೆದು ಕೋಳಿ ತಂದು, ನೀರಲ್ಲಿ ಬೇಯಿಸಿ ಮುಂದಿಡುತ್ತಾಳೆ. ಅವನು ರಂಪ ಮಾಡಿದಾಗ ನಾನು ಬಾಯಿ ತೆರೆಯುವ ಮೊದಲೇ ಅಮ್ಮ, “ಪಾಪ, ಅಷ್ಟು ಕಷ್ಟಪಟ್ಟು ತಂದಿದಾಳೆ, ತಿನ್ನಬಾರ್ದಾ ಇವ್ನು!” ಅಂದರು. ರಾತ್ರಿ ಅವನೇ ಎದ್ದು ತಿನ್ನುವಾಗ ನಕ್ಕರು. ಕ್ಷಮಿಸು ಅನ್ನಲು ಅಜ್ಜಿ ಎದೆ ಸವರಿಕೊಳ್ಳುವುದನ್ನೂ ನಾನು ವಿವರಿಸಬೇಕಾಗಲಿಲ್ಲ. ಅಜ್ಜಿಯಾದ ಕಿಮ್ ಉಲ್-ಬೂನ್ ಅದಕ್ಕೂ ಮುಂಚೆ ಯಾವತ್ತೂ ನಟಿಸಿದವರಲ್ಲ ಅಂದಾಗ ಅಮ್ಮ ನಂಬಲೇ ಇಲ್ಲ. ಸಿನಿಮಾ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ಉಳಿದೆರಡೂ ಎರಡು ಗಂಟೆ ದಾಟುತ್ತವೆ.

ನಟನೆಗೆ ‘ಮಿರಾಕಲ್’ನ ಅಪ್ಪ ರ್ಯೂ ಸೆಂಗ್-ರ್ಯೋಂಗ್‌ಗೆ ಪೂರ್ತಿ ಅಂಕ. ಆದರೆ ಕೋರ್ಟಿನ ದೃಶ್ಯದಲ್ಲಿ ಅಳಿಸಲೇಬೇಕು ಅಂತ ಹಿಂಡುತ್ತಾರೆ, ನನಗೆ ಅದು ಅತಿಯಾಯಿತು. ಜೊತೆಗೆ ಇದೇ ಎಳೆಯ ‘ಪುಷ್ಪಕ ವಿಮಾನ’ವನ್ನು (2017) ಅಮ್ಮ ಟಿವಿಯಲ್ಲಿ ನೋಡಿದ್ದರು. ಅರ್ಧಕ್ಕೇ “ಇದು ನಮ್ಮ ರಮೇಶ್ ಅರವಿಂದ್ ಸಿನಿಮಾ ಅಲ್ವಾ?” ಅಂದುಬಿಟ್ಟರು. ಮುಂದಿನದೆಲ್ಲ ಅವರೇ ನನಗೆ ಹೇಳಿದರು.

‘ಓಡ್’ಗೆ ಒಂದು ವಿಷಯದಲ್ಲಿ ಅನ್ಯಾಯ ಮಾಡಬಾರದು. 1983ರಲ್ಲಿ ದಕ್ಷಿಣ ಕೊರಿಯಾದ ಕೆಬಿಎಸ್ ಟಿವಿ, ಯುದ್ಧದಲ್ಲಿ ತಪ್ಪಿಹೋದವರನ್ನು ಹುಡುಕುವ ನೇರ ಪ್ರಸಾರವನ್ನು 138 ದಿನ ನಡೆಸಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಂದಾದವು. ಹುಂಗ್ನಾಮ್ ಬಂದರಿನ ನೂಕಾಟದಲ್ಲಿ ಕೈತಪ್ಪಿದ ತಂಗಿಯನ್ನು ನಾಯಕ ಹುಡುಕುವುದು ಅಲ್ಲೇ. ಆ ದೃಶ್ಯದಲ್ಲಿ ನಾನು ಓದುವುದನ್ನು ನಿಲ್ಲಿಸಿದೆ, ಅಮ್ಮನೂ ಏನೂ ಕೇಳಲಿಲ್ಲ.

ಇಂಗ್ಲಿಷ್ ಸರಾಗವಾಗಿ ಓದುವವರು, ಒಬ್ಬರೇ ನೋಡುವವರು ‘ಮಿರಾಕಲ್’ನಿಂದ ಶುರು ಮಾಡಬಹುದು. ಅಮ್ಮನೋ ಅಜ್ಜಿಯೋ ಪಕ್ಕದಲ್ಲಿದ್ದರೆ ‘ದ ವೇ ಹೋಮ್’ಗೇ ದುಡ್ಡು ಹಾಕಿ. ‘ಓಡ್’ಗೆ ನಾನು ಇನ್ನೊಮ್ಮೆ ಬಾಡಿಗೆ ಕಟ್ಟಲ್ಲ. ಫ್ರೀಯಾಗಿ ಎಲ್ಲಾದರೂ ಬಂದರೆ, ಹಿಮವೆಲ್ಲ ಹಾರಿಸಿ ಆ ಟಿವಿ ಸ್ಟುಡಿಯೋ ಭಾಗವೊಂದನ್ನು ಅಮ್ಮನಿಗೆ ಮತ್ತೆ ಹಾಕಿಕೊಡುತ್ತೇನೆ.